ಬಡವರ ಮನೆಗೆ ತೆರಿಗೆಯ ಹಣ: ಅಮೆರಿಕದ ರಾಜ್ಯಗಳ ದಾರಿ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸುವುದು ಸುಲಭದ ಮಾತಲ್ಲ. ಮಳೆ ಕೈಕೊಟ್ಟ ವರ್ಷವೂ ಬಾಗಿಲು ತೆಗೆದಿಟ್ಟುಕೊಂಡು, ಸಾಲ ಕೊಟ್ಟು, ಸಾಲ ವಸೂಲು ಮಾಡಿ, ಲೆಕ್ಕ ಒಪ್ಪಿಸಿದ್ದೀರಿ. ಅದಕ್ಕಾಗಿ ಮೊದಲು ನಿಮಗೆಲ್ಲ ನನ್ನ ಅಭಿನಂದನೆ.

ಈ ಹಬ್ಬದ ಹೊತ್ತಿನಲ್ಲಿ ಸದಸ್ಯರ ನಡುವೆ ಒಂದು ಮಾತು ಓಡಾಡ್ತಾ ಇದೆ. ಗೊಬ್ಬರ, ಬೀಜ, ಬೆಳೆಸಾಲ ಆಯಿತು. ಇನ್ನು ಸಂಘ ಮನೆ ಕಟ್ಟಿಸುವ ಕೆಲಸಕ್ಕೂ ಕೈ ಹಾಕಬೇಕು ಅಂತ. ಜಮೀನು ಇಲ್ಲದವರು, ಕೂಲಿಯವರು, ಹೊಸದಾಗಿ ಮದುವೆಯಾಗಿ ಬೇರೆ ಒಲೆ ಹೂಡಿದವರು, ಇವರಿಗೆಲ್ಲ ಸೂರು ಬೇಕು. ಈ ಮಾತಿನ ಜೊತೆಗೇ ಇನ್ನೊಂದು ಮಾತೂ ಬರುತ್ತೆ: "ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಸಾಕು, ದುಡ್ಡಿದ್ದವರೇ ಬಂದು ಬಡವರಿಗೆ ಮನೆ ಕಟ್ಟಿಕೊಡ್ತಾರೆ." ಇದು ನಿಜವೇ? ಈ ದಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಹೋದ ದೇಶ ಅಮೆರಿಕ. ಅಲ್ಲಿ ಕೇಂದ್ರ ಸರ್ಕಾರವೂ, ಅದರ ಮೇಲೆ ಸುಮಾರು ಅರ್ಧದಷ್ಟು ರಾಜ್ಯ ಸರ್ಕಾರಗಳೂ ಇದನ್ನೇ ಮಾಡಿಕೊಂಡು ಬಂದಿವೆ. ಅವರ ಲೆಕ್ಕದ ಪುಸ್ತಕ ತೆರೆದು ನೋಡೋಣ ಅಂತ ಈ ವಿಷಯ ಆರಿಸಿಕೊಂಡಿದ್ದೇನೆ.

ಕಳೆಯುವುದು ಬೇರೆ, ಜಮೆ ಬೇರೆ

ಮೊದಲು ಒಂದು ಚಿಕ್ಕ ಲೆಕ್ಕ. ತೆರಿಗೆ ರಿಯಾಯಿತಿ ಅಂದರೆ ಎಲ್ಲಾ ಒಂದೇ ಅಂದುಕೊಳ್ಳಬೇಡಿ, ಅದರಲ್ಲಿ ಎರಡು ಜಾತಿ. ನಮ್ಮಂಥ ಪತ್ತಿನ ಸಂಘಗಳು ಸದಸ್ಯರಿಗೆ ಸಾಲ ಕೊಟ್ಟು ಗಳಿಸಿದ ಲಾಭವನ್ನು 1961ರ ಆದಾಯ ತೆರಿಗೆ ಕಾಯಿದೆಯ 80-ಪಿ ಕಲಮಿನ ಪ್ರಕಾರ ಆದಾಯದಿಂದ ಕಳೆದು ತೋರಿಸುತ್ತ ಬಂದವು. ಇದು ಆದಾಯದಿಂದ ಕಳೆಯುವುದು. ತೆರಿಗೆ ದರ ನೂರಕ್ಕೆ 30 ಅಂತ ಇಟ್ಟುಕೊಳ್ಳಿ. ನೂರು ರೂಪಾಯಿ ಆದಾಯ ಕಳೆದು ತೋರಿಸಿದರೆ ಉಳಿಯುವುದು 30 ರೂಪಾಯಿ.

ಇನ್ನೊಂದು ಜಾತಿಗೆ ಅಮೆರಿಕದವರು ಟ್ಯಾಕ್ಸ್ ಕ್ರೆಡಿಟ್ ಅಂತಾರೆ. ನಾವು ತೆರಿಗೆ ಜಮೆ ಅನ್ನೋಣ. ಇಲ್ಲಿ ಕಳೆಯುವುದು ಆದಾಯದಿಂದ ಅಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ. ಕೈಯಲ್ಲಿ ನೂರು ರೂಪಾಯಿಯ ಜಮೆ ಇದ್ದರೆ ತೆರಿಗೆಯಲ್ಲಿ ನೂರಕ್ಕೆ ನೂರೂ ವಜಾ. ಹಾಗಾಗಿ ಅದು ಹೆಚ್ಚು ಕಡಿಮೆ ನೋಟಿನ ಹಾಗೇ. ನೋಟಿನ ಹಾಗಿರುವುದರಿಂದಲೇ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ ಹಣ ತರುವುದೂ ಸಾಧ್ಯ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಇದು ಹುಟ್ಟಿದ್ದು ಹೇಗೆ?

ಅಮೆರಿಕದಲ್ಲಿ ಮೊದಲು ಸರ್ಕಾರವೇ ಮನೆ ಕಟ್ಟಿಸುತ್ತಿತ್ತು. 1937ರ ವಸತಿ ಕಾಯಿದೆಯಿಂದ ಆ ಕೆಲಸ ಊರೂರಿಗೂ ಹಬ್ಬಿತು. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳ ಒಂದು ದೊಡ್ಡ ಬಡಾವಣೆ ಎದ್ದಿತು. ಹೆಸರು ಪ್ರೂಟ್-ಐಗೋ. ಕಟ್ಟುವುದಕ್ಕೆ ಹಣ ಬಂತು, ನೋಡಿಕೊಳ್ಳುವುದಕ್ಕೆ ಬರಲಿಲ್ಲ. ಲಿಫ್ಟು ಕೆಟ್ಟವು, ನೀರಿನ ಕೊಳವೆ ಒಡೆದವು, ಜನ ಬಿಟ್ಟು ಹೋದರು. 1972ರಿಂದ ಸರ್ಕಾರವೇ ಸಿಡಿಮದ್ದು ಇಟ್ಟು ಅವುಗಳನ್ನು ಕೆಡವಿತು. 1973ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಅವರ ಸರ್ಕಾರ ಹೊಸ ವಸತಿ ನೆರವಿಗೆ ತಡೆ ಹಾಕಿತು.

ಆಮೇಲೆ 1986ರಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ, ತೆರಿಗೆ ಕಾಯಿದೆಯನ್ನೇ ಪೂರ್ತಿ ತಿದ್ದಿದರು. ಕಟ್ಟಡ ಕಟ್ಟುವವರಿಗೆ ಅದುವರೆಗೂ ಇದ್ದ ಹಳೆಯ ರಿಯಾಯಿತಿಗಳು ಹೋದವು. ಅದರಿಂದ ಬಡವರ ಬಾಡಿಗೆ ಮನೆ ಕಟ್ಟುವವರೇ ಇರೋದಿಲ್ಲ ಅನ್ನುವ ಭಯದಲ್ಲಿ, ಅದೇ ಕಾಯಿದೆಯಲ್ಲಿ 42ನೇ ಕಲಮು ಸೇರಿತು. ಕಡಿಮೆ ಆದಾಯದವರ ವಸತಿಗೆ ತೆರಿಗೆ ಜಮೆ. ಮೊದಲು ತಾತ್ಕಾಲಿಕ ಅಂತ ಇದ್ದದ್ದು 1993ರಲ್ಲಿ ಕಾಯಂ ಆಯಿತು. ಅಲ್ಲಿನ ವಸತಿ ಇಲಾಖೆಯ ಲೆಕ್ಕದಂತೆ 1987ರಿಂದ 2021ರವರೆಗೆ ಈ ದಾರಿಯಲ್ಲಿ ತಯಾರಾದ ಮನೆಗಳು 35 ಲಕ್ಷಕ್ಕೂ ಹೆಚ್ಚು. ಇದು ಸಣ್ಣ ಕೆಲಸವಲ್ಲ.

ಹಣ ಓಡಾಡುವ ಬಗೆ

ಕೇಂದ್ರ ಸರ್ಕಾರ ಪ್ರತಿ ವರ್ಷ ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಜಮೆಯನ್ನು ಹಂಚುತ್ತೆ. ಶುರುವಿನಲ್ಲಿ ತಲೆಗೆ ಒಂದೂಕಾಲು ಡಾಲರ್ ಲೆಕ್ಕ ಇತ್ತು. ಆಮೇಲೆ ಏರುತ್ತ ಬಂತು. 2025ರ ಜುಲೈನಲ್ಲಿ ಆದ ಕಾಯಿದೆ 2026ರಿಂದ ಈ ಪಾಲನ್ನು ನೂರಕ್ಕೆ 12ರಷ್ಟು ಹೆಚ್ಚಿಸಿತು. ಯಾವ ಯೋಜನೆಗೆ ಎಷ್ಟು ಅಂತ ತೀರ್ಮಾನಿಸುವುದು ರಾಜ್ಯದ ವಸತಿ ಸಂಸ್ಥೆ. ಅರ್ಜಿ ಹಾಕಿದವರಿಗೆ ಅಂಕ ಕೊಟ್ಟು ಆರಿಸುತ್ತಾರೆ. ಲಾಭಕ್ಕಲ್ಲದೆ ಕೆಲಸ ಮಾಡುವ ಸಂಸ್ಥೆಗಳಿಗೆ ಕನಿಷ್ಠ ನೂರಕ್ಕೆ ಹತ್ತು ಪಾಲು ಮೀಸಲು.

ಜಮೆ ಸಿಕ್ಕಿದ ಬಿಲ್ಡರಿಗೆ ಅಷ್ಟು ತೆರಿಗೆಯೇ ಇರೋದಿಲ್ಲ. ಲಾಭಕ್ಕಲ್ಲದ ಸಂಸ್ಥೆಗಂತೂ ತೆರಿಗೆಯೇ ಇಲ್ಲ. ಆಗ ಏನು ಮಾಡ್ತಾರೆ? ತೆರಿಗೆ ಕಟ್ಟುವ ದೊಡ್ಡ ಬ್ಯಾಂಕನ್ನೋ ವಿಮಾ ಕಂಪನಿಯನ್ನೋ ಪಾಲುದಾರರಾಗಿ ಸೇರಿಸಿಕೊಳ್ತಾರೆ. ಅವರು ಈಗಲೇ ಬಂಡವಾಳ ಹಾಕ್ತಾರೆ. ಹತ್ತು ವರ್ಷ ತೆರಿಗೆಯಲ್ಲಿ ವಜಾ ತಗೋತಾರೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಕಟ್ಟಡದ ಖರ್ಚು ನೂರು ಲಕ್ಷ ಡಾಲರ್ ಅಂತ ಹಿಡಿಯೋಣ. ಜಮೆಯಲ್ಲಿ ಎರಡು ದರ ಇದೆ. ದೊಡ್ಡ ದರ ವರ್ಷಕ್ಕೆ ನೂರಕ್ಕೆ 9. ಅಂದರೆ ವರ್ಷಕ್ಕೆ 9 ಲಕ್ಷ, ಹತ್ತು ವರ್ಷಕ್ಕೆ 90 ಲಕ್ಷ. ಬ್ಯಾಂಕು ಒಂದು ಡಾಲರ್ ಜಮೆಗೆ 85 ಸೆಂಟ್ ಕೊಟ್ಟರೆ ಕೈಗೆ ಬರುವುದು 76 ಲಕ್ಷ 50 ಸಾವಿರ. ಉಳಿದ 23 ಲಕ್ಷ 50 ಸಾವಿರಕ್ಕೆ ಮಾತ್ರ ಸಾಲ. ಸಾಲ ಕಡಿಮೆಯಾದರೆ ಕಂತು ಕಡಿಮೆ, ಕಂತು ಕಡಿಮೆಯಾದರೆ ಬಾಡಿಗೆಯೂ ಕಡಿಮೆ. ಇಡೀ ಯೋಜನೆಯ ತಿರುಳು ಇಷ್ಟೇ.

ಆದರೆ ದೊಡ್ಡ ದರದ ಜಮೆ ಎಲ್ಲರಿಗೂ ಸಾಲೋದಿಲ್ಲ. ಸಣ್ಣ ದರ ನೂರಕ್ಕೆ 4. ಅದರಲ್ಲಿ ಹತ್ತು ವರ್ಷಕ್ಕೆ 40 ಲಕ್ಷ, ಕೈಗೆ 34 ಲಕ್ಷ. ಇನ್ನೂ 66 ಲಕ್ಷ ಬೇಕು. ಅಷ್ಟು ಸಾಲ ಮಾಡಿದರೆ ಬಡವರ ಬಾಡಿಗೆಯಲ್ಲಿ ಅದು ತೀರೋದಿಲ್ಲ. ಈ ತೂತು ಮುಚ್ಚುವುದಕ್ಕೆ ಬಂದದ್ದೇ ರಾಜ್ಯದ ಜಮೆ.

ರಾಜ್ಯಗಳು ಮಾಡಿದ್ದು

ಅಮೆರಿಕದಲ್ಲಿ ಬಹುಪಾಲು ರಾಜ್ಯಗಳಿಗೂ ತಮ್ಮದೇ ಆದಾಯ ತೆರಿಗೆ ಇದೆ. ಆದ್ದರಿಂದ ತಮ್ಮ ತೆರಿಗೆಯಲ್ಲೂ ಜಮೆ ಕೊಡುವುದಕ್ಕೆ ಅವರಿಗೆ ದಾರಿ ಇದೆ. ಕ್ಯಾಲಿಫೋರ್ನಿಯಾ ಕೇಂದ್ರದ ಕಾಯಿದೆ ಬಂದ ಮರುವರ್ಷವೇ, 1987ರಲ್ಲಿ, ತನ್ನ ಜಮೆ ಶುರು ಮಾಡಿತು. ಅಲ್ಲಿ ಮನೆಯ ಅಭಾವ ಎಷ್ಟಾಯಿತು ಅಂದರೆ 2020ಕ್ಕೆ ಮಾಮೂಲಿನ ಮೇಲೆ ಇನ್ನೂ 50 ಕೋಟಿ ಡಾಲರ್ ಜಮೆ ಸೇರಿಸಬೇಕಾಯಿತು. ಕೊಲೊರಾಡೊ ರಾಜ್ಯ ನಿಲ್ಲಿಸಿದ್ದ ತನ್ನ ಜಮೆಯನ್ನು 2014ರಲ್ಲಿ ಮತ್ತೆ ಜಾರಿಗೆ ತಂದಿತು.

ಇಲಿನಾಯ್ ರಾಜ್ಯ 2001ರಲ್ಲಿ ಬೇರೆ ಹಾದಿ ಹಿಡಿಯಿತು. ಯಾರಾದರೂ ಬಡವರ ವಸತಿಗೆ ಜಾಗವನ್ನೋ, ಹಳೇ ಕಟ್ಟಡವನ್ನೋ, ಹಣವನ್ನೋ ಲಾಭಕ್ಕಲ್ಲದ ಸಂಸ್ಥೆಗೆ ದಾನ ಮಾಡಿದರೆ, ದಾನದ ಪ್ರತಿ ಡಾಲರಿಗೆ ಅರ್ಧ ಡಾಲರಿನಷ್ಟು ರಾಜ್ಯ ತೆರಿಗೆಯಲ್ಲಿ ಜಮೆ. ದಾನಿಗೆ ಬೇಡವಾದರೆ ಆ ಜಮೆಯನ್ನು ಯೋಜನೆಗೇ ಬಿಟ್ಟುಕೊಡಬಹುದು, ಅದು ಮತ್ತೆ ಹಣವಾಗುತ್ತೆ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ, ಗುಡಿಗೆ, ಡೇರಿಗೆ ಜಾಗ ಬಿಟ್ಟುಕೊಟ್ಟವರ ಹೆಸರು ಕಲ್ಲಿನ ಮೇಲೆ ಇರುತ್ತಲ್ಲ, ಆ ಬುದ್ಧಿಗೇ ಸರ್ಕಾರ ಒಂದು ಲೆಕ್ಕದ ರೂಪ ಕೊಟ್ಟಂತೆ ಇದು.

ಸೋರಿಕೆ ಎಲ್ಲಿ?

ಇನ್ನು ಕಷ್ಟದ ಭಾಗಕ್ಕೆ ಬರ್ತೀನಿ. ಮಿಸೌರಿ ರಾಜ್ಯ ತನ್ನ ಜಮೆಯಲ್ಲಿ ಬಹಳ ಧಾರಾಳ. ಕೇಂದ್ರದ ಜಮೆಗೆ ಸರಿಸಮನಾಗಿ ಕೊಡುವುದಕ್ಕೂ ಅಲ್ಲಿ ಅವಕಾಶವಿತ್ತು. 2014ರಲ್ಲಿ ಅಲ್ಲಿನ ರಾಜ್ಯ ಲೆಕ್ಕಪರಿಶೋಧಕರು ಒಂದು ವರದಿ ಕೊಟ್ಟರು. ರಾಜ್ಯ ಬಿಟ್ಟುಕೊಡುವ ಪ್ರತಿ ಒಂದು ಡಾಲರ್ ತೆರಿಗೆಯಲ್ಲಿ ಮನೆ ಕಟ್ಟುವುದಕ್ಕೆ ಹೋಗುವುದು ಕೇವಲ 42 ಸೆಂಟ್ ಅಂತ. ಬಾಕಿ 58 ಸೆಂಟ್ ಎಲ್ಲಿಗೆ ಹೋಯಿತು?

ಎಲ್ಲಾ ಕಳ್ಳತನ ಅಂದುಕೊಳ್ಳಬೇಡಿ. ಕಾರಣಗಳು ಲೆಕ್ಕದಲ್ಲೇ ಇವೆ. ಒಂದು, ಜಮೆ ಬರುವುದು ವರ್ಷ ವರ್ಷ, ಹಣ ಬೇಕಾದದ್ದು ಇವತ್ತು. ಹತ್ತು ವರ್ಷ ಕಾಯುವ ಹಣಕ್ಕೆ ಯಾರೂ ಪೂರ್ತಿ ಬೆಲೆ ಕೊಡೋದಿಲ್ಲ. ಎರಡು, ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಕೇಂದ್ರದ ತೆರಿಗೆ ಲೆಕ್ಕದಲ್ಲಿ ಕಂಪನಿ ಖರ್ಚು ಅಂತ ತೋರಿಸುತ್ತೆ. ರಾಜ್ಯದ ತೆರಿಗೆ ಒಂದು ಡಾಲರ್ ಇಳಿದರೆ ಆ ಖರ್ಚೂ ಇಳಿದು, ಕೇಂದ್ರದ ತೆರಿಗೆ ಏರುತ್ತೆ. ಆಗ ಕಂಪನಿ ತೆರಿಗೆ ನೂರಕ್ಕೆ 35 ಇತ್ತು. ಹೀಗೆ ರಾಜ್ಯ ಬಿಟ್ಟ ಹಣದಲ್ಲಿ ಒಂದು ಪಾಲು ಕೇಂದ್ರದ ಖಜಾನೆಗೇ ಸೇರುತ್ತಿತ್ತು. ಮೂರು, ನಡುವೆ ಇರುವವರು: ಜಮೆಯನ್ನು ಒಟ್ಟುಗೂಡಿಸಿ ಮಾರುವ ಸಂಸ್ಥೆ, ವಕೀಲರು, ಲೆಕ್ಕಿಗರು. ಅವರಿಗೆಲ್ಲ ಅವರವರ ಪಾಲು.

ನಮ್ಮಲ್ಲಿ ಕಾಲುವೆಯ ನೀರು ಕೊನೇ ಹೊಲಕ್ಕೆ ಎಷ್ಟು ತಲುಪುತ್ತೆ ಅಂತ ಗೊತ್ತಲ್ಲ, ಇದೂ ಹಾಗೇ. ತೂಬಿನ ಹತ್ತಿರ ಅಳೆದರೆ ಒಂದು ಲೆಕ್ಕ, ಬದುವಿನ ಹತ್ತಿರ ಅಳೆದರೆ ಇನ್ನೊಂದು.

2017ರ ಡಿಸೆಂಬರಿನಲ್ಲಿ ಮಿಸೌರಿಯ ವಸತಿ ಆಯೋಗ ರಾಜ್ಯದ ಜಮೆಯನ್ನೇ ನಿಲ್ಲಿಸಿಬಿಟ್ಟಿತು. ಆದರೆ ಸೋರುವ ಕಾಲುವೆ ಮುಚ್ಚಿದ ಮಾತ್ರಕ್ಕೆ ಹೊಲಕ್ಕೆ ನೀರು ಬರೋದಿಲ್ಲವಷ್ಟೆ. ರಾಜ್ಯದ ಪಾಲನ್ನು ನಂಬಿಕೊಂಡಿದ್ದ ಯೋಜನೆಗಳಿಗೆ, ಅದರಲ್ಲೂ ಸಣ್ಣ ದರದವಕ್ಕೆ, ಪೆಟ್ಟು ಬಿತ್ತು. 2020ರಲ್ಲಿ ಮತ್ತೆ ಶುರು ಮಾಡಿದರು, ಮೊದಲಿಗಿಂತ ಕಡಿಮೆ ಮಿತಿಯಲ್ಲಿ. ಈ ಅನುಭವದಿಂದ ಒಂದು ಪಾಠ ಇದೆ. ಕೊಡುವ ಕೈ ಒಂದು ವರ್ಷ ಹಿಂದಕ್ಕೆ ಸರಿದರೂ ನಿಲ್ಲುವಂಥ ಯೋಜನೆಯನ್ನೇ ಹಾಕಿಕೊಳ್ಳಬೇಕು.

ಖರ್ಚಿನ ಕಡೆಗೂ ಕಣ್ಣಿಡಬೇಕು. ಅಮೆರಿಕದ ಕೇಂದ್ರ ಲೆಕ್ಕ ತನಿಖಾ ಕಚೇರಿ 2018ರಲ್ಲಿ ಕೊಟ್ಟ ವರದಿಯಂತೆ 2011ರಿಂದ 2015ರವರೆಗೆ ಹೊಸದಾಗಿ ಕಟ್ಟಿದ ಇಂಥ ಒಂದು ಮನೆಗೆ ತಗುಲಿದ ಮಧ್ಯಮ ವೆಚ್ಚ ಟೆಕ್ಸಾಸಿನಲ್ಲಿ ಸುಮಾರು 1 ಲಕ್ಷ 26 ಸಾವಿರ ಡಾಲರ್, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3 ಲಕ್ಷ 26 ಸಾವಿರ ಡಾಲರ್. ಜಾಗದ ಬೆಲೆ, ಕೂಲಿ, ಕಾನೂನು ಎಲ್ಲ ಬೇರೆ ಬೇರೆ ನಿಜ. ಆದರೂ ಖರ್ಚು ಹೆಚ್ಚಾದಷ್ಟೂ ಜಮೆ ಹೆಚ್ಚು ಅಂತ ಆದರೆ ಖರ್ಚು ಇಳಿಸುವ ಆಸೆ ಯಾರಿಗಿರುತ್ತೆ? ಲಂಚದ ಕಥೆಯೂ ಇಲ್ಲದೆ ಇಲ್ಲ. ಡಲ್ಲಾಸ್ ನಗರದಲ್ಲಿ ಇಂಥ ಯೋಜನೆಗಳಿಗೆ ಒಪ್ಪಿಗೆ ಕೊಡುವ ವಿಚಾರದಲ್ಲಿ ಲಂಚ ಪಡೆದ ಆರೋಪ ಸಾಬೀತಾಗಿ ನಗರಸಭೆಯ ಮಾಜಿ ಸದಸ್ಯರೊಬ್ಬರು 2009ರಲ್ಲಿ ಅಪರಾಧಿಯಾದರು.

ಯಾರಿಗೆ ಮನೆ? ಎಷ್ಟು ವರ್ಷ?

ಈ ಮನೆಗಳಿಗೆ ಬಾಡಿಗೆ ಗೊತ್ತುಮಾಡುವ ರೀತಿ ಕೇಳಿ. ಆ ಪ್ರದೇಶದ ಮಧ್ಯಮ ಕುಟುಂಬದ ಆದಾಯ ವರ್ಷಕ್ಕೆ 80,000 ಡಾಲರ್ ಅಂತ ಹಿಡಿಯಿರಿ. ಅದರ ನೂರಕ್ಕೆ 60, ಅಂದರೆ 48,000, ಅರ್ಹತೆಯ ಮಿತಿ. ಆ ಮಿತಿಯ ನೂರಕ್ಕೆ 30 ಬಾಡಿಗೆಯ ಮಿತಿ. ಸುಮಾರಾಗಿ ವರ್ಷಕ್ಕೆ 14,400, ತಿಂಗಳಿಗೆ 1,200 ಡಾಲರ್. 48,000 ಗಳಿಸುವವನಿಗೆ ಇದು ಹೊರೆಯಲ್ಲ. ಆದರೆ 24,000 ಗಳಿಸುವ ತಾಯಿಗೆ? ಅವಳ ಆದಾಯದ ನೂರಕ್ಕೆ 60 ಬಾಡಿಗೆಗೇ ಹೋಯಿತು. ಬಾಡಿಗೆ ನಿಂತಿರುವುದು ಮಿತಿಯ ಮೇಲೆ, ಅವಳ ಸಂಬಳದ ಮೇಲಲ್ಲ. ಹೀಗಾಗಿ ಕಡುಬಡವರಿಗೆ ಈ ಮನೆ ದಕ್ಕಬೇಕಾದರೆ ಸರ್ಕಾರದ ಬಾಡಿಗೆ ಚೀಟಿಯೂ ಬೇಕಾಗುತ್ತೆ. ತೆರಿಗೆ ಜಮೆ ನಡುಬಡವರಿಗೆ ಏಣಿ ಇಟ್ಟಿತು, ಕೆಳಗಿನವರಿಗೆ ಇನ್ನೆರಡು ಮೆಟ್ಟಿಲು ಬೇಕೇ ಬೇಕು.

ಇನ್ನು ವರ್ಷದ ಮಾತು. ಬ್ಯಾಂಕಿಗೆ ಜಮೆ ಸಿಗುವುದು 10 ವರ್ಷ. ನಿಯಮ ಮುರಿದರೆ ಕೊಟ್ಟ ಜಮೆಯನ್ನು ವಾಪಸು ಕಿತ್ತುಕೊಳ್ಳುವ ಭಯ ಇರುವುದು 15 ವರ್ಷ. ಮೊದಲ ಮೂರು ವರ್ಷದ ಯೋಜನೆಗಳಿಗೆ ಅಷ್ಟೇ ಕಟ್ಟುಪಾಡು ಇತ್ತು. 1990ರಿಂದ ಮುಂದಿನವಕ್ಕೆ ಕನಿಷ್ಠ 30 ವರ್ಷ ಬಾಡಿಗೆ ಕಡಿಮೆ ಇಡಬೇಕು ಅಂತಾಯಿತು. ಆದರೆ ಅದರಲ್ಲೂ ಒಂದು ಕಿಂಡಿ ಬಿಟ್ಟರು. 14 ವರ್ಷ ಕಳೆದ ಮೇಲೆ ಮಾಲೀಕ "ಇದನ್ನು ಕೊಳ್ಳುವವರನ್ನು ಹುಡುಕಿಕೊಡಿ" ಅಂತ ರಾಜ್ಯದ ಸಂಸ್ಥೆಗೆ ಬರೆದುಕೊಡಬಹುದು. ಒಂದು ವರ್ಷದೊಳಗೆ ಕಾನೂನಿನ ಬೆಲೆಗೆ ಯಾರೂ ಸಿಗದಿದ್ದರೆ ಕಟ್ಟುಪಾಡು ಸಡಿಲ. ಇದ್ದವರಿಗೆ ಮೂರು ವರ್ಷ ರಕ್ಷಣೆ, ಆಮೇಲೆ ಪೇಟೆಯ ಬಾಡಿಗೆ. ಹೀಗೆ ಕೈಬಿಟ್ಟು ಹೋದ ಮನೆಗಳು ಸಾಕಷ್ಟಿವೆ. ಈಗ ಅನೇಕ ರಾಜ್ಯಗಳು ಅರ್ಜಿ ಹಾಕುವಾಗಲೇ ಆ ಹಕ್ಕು ಬಿಟ್ಟುಕೊಡಬೇಕು ಅಂತ ಬರೆಸಿಕೊಳ್ತವೆ.

ಸಹಕಾರಿಗಳಾದ ನಾವು ಗಮನಿಸಬೇಕಾದ ಒಂದು ಮಾತು ಆ 42ನೇ ಕಲಮಿನಲ್ಲೇ ಇದೆ. 15 ವರ್ಷ ಮುಗಿದ ಮೇಲೆ ಕಟ್ಟಡವನ್ನು ಮೊದಲು ಕೊಳ್ಳುವ ಹಕ್ಕನ್ನು ಬಾಡಿಗೆದಾರರಿಗೆ, ಅವರು ಸಹಕಾರಿ ರೂಪದಲ್ಲಿ ಸೇರಿಕೊಂಡಿದ್ದರೂ ಸರಿ, ಅಥವಾ ಲಾಭಕ್ಕಲ್ಲದ ಸಂಸ್ಥೆಗೆ ಬರೆದುಕೊಡಬಹುದು ಅಂತ ಕಾಯಿದೆ ಹೇಳುತ್ತೆ. ಬೆಲೆಯೂ ಕಾಯಿದೆಯ ಲೆಕ್ಕದ ಕನಿಷ್ಠ ಬೆಲೆ. ಆದರೆ ಆ ಹಕ್ಕು ಮೊದಲೇ ಪತ್ರದಲ್ಲಿ ಬರೆದಿರಬೇಕು. ಬರೆಯದೆ ಇದ್ದವರು ಹದಿನೈದನೇ ವರ್ಷ ಕೈ ಹಿಸುಕಿಕೊಳ್ಳಬೇಕಾಯಿತು. ಬರೆದಿದ್ದರೂ ಮಾತು ಅಸ್ಪಷ್ಟವಾಗಿದ್ದ ಕಡೆ ಕೋರ್ಟಿಗೆ ಹೋಗಬೇಕಾಯಿತು.

ನಮ್ಮ ಕಡೆಗೆ ತಿರುಗಿ ನೋಡಿದರೆ

ಅದೇ ಪದ್ಧತಿ ನಮ್ಮ ರಾಜ್ಯಕ್ಕೆ ಹಾಗೇ ತರುವ ಹಾಗಿಲ್ಲ. ನಮ್ಮಲ್ಲಿ ಕೃಷಿಯೇತರ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಕೇಂದ್ರದ್ದು. ಕೇಂದ್ರ 2016ರಲ್ಲಿ 80-ಐಬಿಎ ಅನ್ನುವ ಕಲಮು ತಂದು ಕೈಗೆಟಕುವ ದರದ ಮನೆ ಕಟ್ಟುವವರ ಲಾಭವನ್ನು ಪೂರ್ತಿ ಆದಾಯದಿಂದ ಕಳೆಯಲು ಬಿಟ್ಟಿತು. 2022ರ ಮಾರ್ಚ್ 31ರೊಳಗೆ ಮಂಜೂರಾದ ಯೋಜನೆಗಳಿಗೆ ಮಾತ್ರ ಅದು. ರಾಜ್ಯದ ಕೈಯಲ್ಲಿರುವುದು ಮುದ್ರಾಂಕ ಶುಲ್ಕ. ಕರ್ನಾಟಕ 2020ರಲ್ಲಿ 20 ಲಕ್ಷ ರೂಪಾಯಿಯೊಳಗಿನ ಹೊಸ ಫ್ಲಾಟುಗಳ ಮೊದಲ ನೋಂದಣಿಗೆ ಅದನ್ನು ನೂರಕ್ಕೆ 5ರಿಂದ 2ಕ್ಕೆ ಇಳಿಸಿತು. ಇವೆರಡೂ ಪಟ್ಟಣದ ಮನೆಗೆ ಹೆಚ್ಚು ಹೊಂದುವಂಥವು. ಹಳ್ಳಿಯ ಬಡವನಿಗೆ ನಮ್ಮಲ್ಲಿ ಇರುವುದು ನೇರ ಸಹಾಯಧನ. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಸೀಮೆಗೆ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಅಂತ ಗೊತ್ತುಮಾಡಿತು. ಮೊತ್ತ ಸಾಲದು ಅನ್ನುವುದು ಬೇರೆ ಮಾತು. ಆದರೆ ಅದು ಕಂತು ಕಂತಾಗಿ ಫಲಾನುಭವಿಯ ಖಾತೆಗೇ ಬೀಳುತ್ತೆ, ನಡುವೆ ಜಮೆ ಮಾರುವವರಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ತೆರಿಗೆ ರಿಯಾಯಿತಿ ಕೆಟ್ಟದ್ದಲ್ಲ, 35 ಲಕ್ಷ ಮನೆ ಎದ್ದಿರುವುದು ಅದಕ್ಕೆ ಸಾಕ್ಷಿ. ಆದರೆ ಅದು ಪುಕ್ಕಟೆಯೂ ಅಲ್ಲ. ಬಿಟ್ಟುಕೊಟ್ಟ ತೆರಿಗೆಯೂ ಖಜಾನೆಯ ಖರ್ಚೇ. ಅನುದಾನ ಕೊಟ್ಟರೆ ಬಜೆಟ್ಟಿನಲ್ಲಿ ಕಾಣುತ್ತೆ, ತೆರಿಗೆ ಬಿಟ್ಟರೆ ಕಾಣೋದಿಲ್ಲ. ಕಾಣದ ಖರ್ಚನ್ನು ಯಾರೂ ಪ್ರಶ್ನೆ ಮಾಡೋದಿಲ್ಲ ಅನ್ನುವುದೇ ಅಪಾಯ.

ನಾಳೆ ನಮ್ಮ ಸಂಘ ಮನೆಯ ಕೆಲಸಕ್ಕೆ ಇಳಿದಾಗ, ಸರ್ಕಾರದ್ದಾಗಲಿ ಖಾಸಗಿಯದಾಗಲಿ ಯಾವ ಯೋಜನೆ ಎದುರಿಗೆ ಬಂದರೂ, ಮಹಾಸಭೆಯಲ್ಲಿ ಈ ಐದು ಪ್ರಶ್ನೆ ಕೇಳಿ:

ಒಂದು, ನೂರು ರೂಪಾಯಿ ನೆರವಿನಲ್ಲಿ ಇಟ್ಟಿಗೆ ಸಿಮೆಂಟಿಗೆ ಹೋಗುವುದು ಎಷ್ಟು?

ಎರಡು, ಕಂತು ಅಥವಾ ಬಾಡಿಗೆ ಗೊತ್ತುಮಾಡಿದ್ದು ಯಾರ ಆದಾಯ ನೋಡಿ? ನಮ್ಮ ಊರಿನ ಕೂಲಿಯವರ ಆದಾಯ ನೋಡಿಯೋ, ಜಿಲ್ಲೆಯ ಸರಾಸರಿ ನೋಡಿಯೋ?

ಮೂರು, ರಿಪೇರಿಗೆ ಅಂತ ಪ್ರತಿ ವರ್ಷ ಹಣ ತೆಗೆದಿಡುವ ಏರ್ಪಾಡು ಇದೆಯೇ? ಇಲ್ಲದಿದ್ದರೆ ಪ್ರೂಟ್-ಐಗೋ ನೆನೆಯಿರಿ.

ನಾಲ್ಕು, ಕಟ್ಟುಪಾಡು ಎಷ್ಟು ವರ್ಷ, ಮುರಿದರೆ ಶಿಕ್ಷೆ ಏನು, ತಪ್ಪಿಸಿಕೊಳ್ಳುವ ಕಿಂಡಿ ಎಲ್ಲಿದೆ?

ಐದು, ಕೊನೆಗೆ ಮನೆ ಯಾರದಾಗುತ್ತೆ? ಅದನ್ನು ಮೊದಲ ದಿನವೇ ಪತ್ರದಲ್ಲಿ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿದೆಯೇ?

ಈ ಐದಕ್ಕೂ ನೇರ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಒಂದಕ್ಕೆ ಉತ್ತರ ತಡವರಿಸಿದರೂ ಅಲ್ಲೇ ನಿಂತು ಲೆಕ್ಕ ಕೇಳಿ. ಇಪ್ಪತ್ತೈದು ವರ್ಷ ಈ ಸಂಘ ಉಳಿದದ್ದು ಸದಸ್ಯರು ಲೆಕ್ಕ ಕೇಳಿದ್ದರಿಂದ, ಆಡಳಿತ ಮಂಡಳಿ ಲೆಕ್ಕ ಕೊಟ್ಟಿದ್ದರಿಂದ. ಬೆಳೆಸಾಲಕ್ಕೆ ಇದ್ದ ಆ ಶಿಸ್ತು ಮನೆಯ ಕೆಲಸಕ್ಕೂ ಇರಲಿ. ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಮನೆ ಅನ್ನುವುದು ಒಬ್ಬ ಕೂಲಿಯವನ ಬಾಳಿನಲ್ಲಿ ಒಂದೇ ಸಲ ಕಟ್ಟುವಂಥದು.

ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.

ಜೈ ಹಿಂದ್. ಜೈ ಕರ್ನಾಟಕ.